ಹೆಸರಿಲ್ಲದ ಗಡ್ಡೆ ಮಾರಬೇಡಿ: ಹೆಲಿಕೋನಿಯಾ ಬಗ್ಗೆ ಒಂದು ಬಹಿರಂಗ ಪತ್ರ

ರಾಜ್ಯ ತೋಟಗಾರಿಕೆ ಇಲಾಖೆಯ ಅಧಿಕಾರಿಗಳಿಗೆ, ಹೂಗಿಡದ ನರ್ಸರಿ ನಡೆಸುವ ಎಲ್ಲರಿಗೂ,

ನಮಸ್ಕಾರ.

ನಾನು ಮಲೆನಾಡಿನ ಅಡಿಕೆ ತೋಟದವಳು. ಮನೆಯಿಂದ ತೋಟಕ್ಕೆ ಇಳಿಯುವ ದಾರಿಯ ಎರಡೂ ಕಡೆ ಹೆಲಿಕೋನಿಯಾ ಅನ್ನುವ, ಬಾಳೆಯಂಥ ಎಲೆಯ ಹೂಗಿಡ ಬೆಳೆಸಿದ್ದೇನೆ. ಒಟ್ಟು ಹನ್ನೊಂದು ಬಗೆ. ಮೊದಲನೆಯದು ನಮ್ಮ ಅತ್ತೆ ತವರಿಂದ ಒದ್ದೆ ಗೋಣಿಯಲ್ಲಿ ಸುತ್ತಿ ತಂದ ಒಂದೇ ಒಂದು ಗಡ್ಡೆ. ಉಳಿದವು ಮದುವೆಗೋ ಮುಂಜಿಗೋ ಹೋದಾಗ ಅವರಿವರ ಹಿತ್ತಿಲಿಂದ ಕೇಳಿ ತಂದದ್ದು. ಮೂರ್ನಾಲ್ಕು ದುಡ್ಡು ಕೊಟ್ಟು ಕೊಂಡದ್ದು. ಇಪ್ಪತ್ತು ವರ್ಷ ಆಯಿತು. ಈ ಗಿಡದ ವಿಷಯದಲ್ಲಿ ನಿಮ್ಮ ಹತ್ತಿರ ಒಂದೇ ಮಾತು ಕೇಳಿಕೊಳ್ಳಬೇಕಿದೆ. ಹೆಸರಿಲ್ಲದೆ ಇದರ ಗಡ್ಡೆ ಮಾರಬೇಡಿ, ಹಂಚಬೇಡಿ.

ಹೆಸರು ಅಂದರೆ ‘ಹೆಲಿಕೋನಿಯಾ ಕೆಂಪು’, ‘ಹೆಲಿಕೋನಿಯಾ ಹಳದಿ’, ‘ನೇತಾಡೋ ಹೆಲಿಕೋನಿಯಾ’ ಅಂತ ಬರೆದರೆ ಸಾಲದು. ಯಾವ ಜಾತಿ, ಯಾವ ತಳಿ, ತಾಯಿಗಿಡ ಎಲ್ಲಿಂದ ಬಂತು, ಯಾವ ವರ್ಷ ಬಂತು. ಇಷ್ಟೂ ಬೆರಳಗಲದ ಒಂದು ಚೀಟಿಯಲ್ಲಿ ಹಿಡಿಯುತ್ತದೆ.

ಆರು ವರ್ಷದ ಹಿಂದಿನ ಮಾತು. ಒಂದು ನರ್ಸರಿಗೆ ಫೋನ್ ಮಾಡಿ ‘ಗೋಲ್ಡನ್ ಟಾರ್ಚ್’ ಬೇಕು ಅಂದೆ. ಕಿತ್ತಳೆ ಬೆರೆತ ಹಳದಿ ಹೂ ಬಿಡುವ, ಆಳೆತ್ತರದ ಹೆಲಿಕೋನಿಯಾ ಅದು. ಸಿಟಾಕೋರಮ್ ಮತ್ತು ಸ್ಪಾಥೋಸರ್ಸಿನೇಟಾ ಅನ್ನುವ ಎರಡು ಜಾತಿ ಸೇರಿ ಹುಟ್ಟಿದ ಮಿಶ್ರತಳಿ. ಬಸ್ಸಿನಲ್ಲಿ ಪಾರ್ಸೆಲ್ ಬಂತು. ಡಬ್ಬಿಯ ಮೇಲೆ ಬರೀ ‘ಟಾರ್ಚ್’ ಅಂತ ಬರೆದಿತ್ತು. ಎರಡು ವರ್ಷ ಗೊಬ್ಬರ ಹಾಕಿ ಸಾಕಿದೆ. ಗಿಡ ಹತ್ತಡಿ ದಾಟಿತು, ಹೂವಿನ ಸುಳಿವಿಲ್ಲ. ಮೂರನೇ ವರ್ಷ ಒಂದು ಬೆಳಿಗ್ಗೆ ನೋಡಿದರೆ ಬುಡದ ಪಕ್ಕ ನೆಲದಿಂದಲೇ ಎಲೆಯಿಲ್ಲದ ಒಂದು ಕೋಲು ಎದ್ದಿದೆ. ಅದರ ತುದಿಯಲ್ಲಿ ತಾವರೆಯಂಥ ಗುಲಾಬಿ ಬಣ್ಣದ ಹೂ! ಅದು ಟಾರ್ಚ್ ಜಿಂಜರ್. ಇಂಡೋನೇಷ್ಯಾ, ಮಲೇಷ್ಯಾ ಕಡೆಯ ಶುಂಠಿ ಕುಟುಂಬದ ಗಿಡ. ಹೂವೇನೋ ಚಂದವೇ. ಆದರೆ ನಾನು ಜಾಗ ಬಿಟ್ಟದ್ದು ಬೇರೆಯದಕ್ಕೆ, ಕೊಂಡುಕೊಳ್ಳುವವರಿಗೆ ಮಾತು ಕೊಟ್ಟದ್ದು ಬೇರೆಯದನ್ನು. ಹೀಗೆಯೇ ದಕ್ಷಿಣ ಆಫ್ರಿಕದ ಬರ್ಡ್ ಆಫ್ ಪ್ಯಾರಡೈಸ್ ಹೂಗಿಡ ಅಂತ ಹೇಳಿ ಹೆಲಿಕೋನಿಯಾ ಕೊಡುವವರಿದ್ದಾರೆ, ಹೆಲಿಕೋನಿಯಾ ಅಂತ ಅದನ್ನು ಕೊಡುವವರೂ ಇದ್ದಾರೆ.

ಗಿಡ ನೋಡಿದರೆ ಯಾರಿಗಾದರೂ ಬಾಳೆ ಅನ್ನಿಸುವುದು ಸಹಜ. ಹಿಂದೆ ಸಸ್ಯಶಾಸ್ತ್ರದವರೂ ಇದನ್ನು ಬಾಳೆ ಕುಟುಂಬದಲ್ಲೇ ಇಟ್ಟಿದ್ದರು. ಬಾಳೆ, ಶುಂಠಿ, ಅರಿಶಿನ, ಏಲಕ್ಕಿ, ಕಾಬಾಳೆ ಎಲ್ಲ ಸೇರಿದ ಒಂದು ದೊಡ್ಡ ಬಳಗವಿದೆ. ಅದರಲ್ಲಿ ಎಂಟು ಕುಟುಂಬ. ಹೆಲಿಕೋನಿಯಾದ್ದು ಅದರಲ್ಲೊಂದು, ಆ ಕುಟುಂಬಕ್ಕೆ ಇದೊಂದೇ ಕುಲ. ಬಾಳೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ತೋಟದಲ್ಲೇ ನೋಡಬಹುದು. ಬಾಳೆ ಎಲೆ ದಿಂಡಿನ ಸುತ್ತ ಸುರುಳಿಯಾಗಿ ಏಳುತ್ತದೆ. ಹೆಲಿಕೋನಿಯಾದ ಎಲೆ ಎದುರು-ಬದುರು ಎರಡೇ ಸಾಲಿನಲ್ಲಿ ಬರುತ್ತದೆ, ಬೀಸಣಿಗೆ ಬಿಚ್ಚಿದ ಹಾಗೆ. ಇನ್ನೊಂದು ಗುರುತು ಹೆಂಗಸರಿಗೆ ಬೇಗ ಗೊತ್ತಾಗುತ್ತದೆ. ಬಾಳೆ ಕಡಿದರೆ ಸೀರೆಗೆ ಕಲೆ, ತೊಳೆದರೆ ಹೋಗುವುದಿಲ್ಲ. ಹೆಲಿಕೋನಿಯಾ ಕಡಿದರೆ ಆ ಸೊನೆ ಇಲ್ಲ.

ಹೂವನ್ನೂ ಒಮ್ಮೆ ಬಿಚ್ಚಿ ನೋಡಬೇಕು. ನಾನು ನೋಡಿದ್ದು ಹೋದ ಭಾದ್ರಪದದಲ್ಲಿ, ಮಳೆ ಬಿಟ್ಟ ಒಂದು ಬೆಳಿಗ್ಗೆ. ನೆಟ್ಟಗೆ ನಿಲ್ಲುವ ಬಗೆಯ ಒಂದು ಗೊನೆ ಕೊಯ್ದು ಹಿತ್ತಿಲ ಮೆಟ್ಟಿಲ ಮೇಲೆ ಕೂತೆ. ನಾವು ಹೂ ಅನ್ನುವ ಆ ಕೆಂಪು ದೋಣಿ ನಿಜವಾಗಿ ಹೂವೇ ಅಲ್ಲ. ಬಣ್ಣ ಬಂದ ಎಲೆ ಅದು, ಬ್ರ್ಯಾಕ್ಟ್ ಅನ್ನುತ್ತಾರೆ. ಬಾಳೆ ಹೂವಿನ ಕೆಂಪು ಹಾಳೆ ಇದ್ದ ಹಾಗೆ. ದೋಣಿ ಬಗ್ಗಿಸಿದರೆ ಎರಡು ಚಮಚದಷ್ಟು ನೀರು ಚೆಲ್ಲಿತು, ಹಳೆಯ ಹೂದಾನಿಯ ನೀರಿನ ವಾಸನೆ. ನೀರಿನಲ್ಲಿ ಕೂದಲೆಳೆಯಂಥ ಹುಳಗಳು ಕೊಂಕುತ್ತಿದ್ದವು. ಒಳಗೆ ಒಂದರ ಪಕ್ಕ ಒಂದು ಒತ್ತಿಕೊಂಡು ಹಳದಿ ಕೊಳವೆಗಳು. ಅವೇ ನಿಜವಾದ ಹೂಗಳು. ದಿನಕ್ಕೆ ಒಂದೋ ಎರಡೋ ಅರಳುತ್ತವೆ, ಒಂದೇ ದಿನ ಬದುಕುತ್ತವೆ. ಕೊಳವೆ ಸೀಳಿದರೆ ಐದು ಕೇಸರ ಸಿಕ್ಕವು. ಆರನೆಯದು ಪರಾಗ ಇಲ್ಲದೆ ಚಪ್ಪಟೆಯಾಗಿ, ಬಾಗಿಲಿಗೆ ಇಟ್ಟ ತಡೆಯ ಹಾಗೆ ನಿಂತಿತ್ತು. ಬುಡದಲ್ಲಿ ಒಂದು ಹನಿ ಜೇನು. ನಾಲಿಗೆಗೆ ಹಚ್ಚಿ ನೋಡಿದೆ, ಸಿಹಿ ಇದೆ, ಪರಿಮಳ ಇಲ್ಲ. ಹಕ್ಕಿಗೆ ಪರಿಮಳ ಬೇಕಿಲ್ಲ, ಬಣ್ಣ ಸಾಕು.

ಆ ನೀರಿನ ವಿಷಯ ಬಂತಲ್ಲ, ಡೆಂಗಿ ಇರುವ ತಿಂಗಳಲ್ಲಿ ಮನೆ ಹತ್ತಿರದ ನೆಟ್ಟಗಿನ ಬಗೆಗಳ ದೋಣಿಯನ್ನು ಆಗಾಗ ಬಗ್ಗಿಸಿ ನೀರು ಚೆಲ್ಲಿ. ನೇತಾಡುವ ಬಗೆಗಳಲ್ಲಿ ಈ ತಾಪತ್ರಯ ಇಲ್ಲ.

ಈಗ ಆ ಹಕ್ಕಿಯ ಕತೆಗೆ ಬರುತ್ತೇನೆ. ಹೆಸರು ಯಾಕೆ ಬೇಕು ಅಂತ ನನಗೆ ಮನದಟ್ಟಾದದ್ದು ಅಲ್ಲಿಂದಲೇ.

ಹೆಲಿಕೋನಿಯಾದಲ್ಲಿ ಸುಮಾರು 200 ಜಾತಿಗಳಿವೆ. ಹೆಚ್ಚುಕಡಿಮೆ ಎಲ್ಲವೂ ಮಧ್ಯ ಅಮೆರಿಕ, ದಕ್ಷಿಣ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳವು. ಬೆರಳೆಣಿಕೆಯಷ್ಟು ಮಾತ್ರ ಶಾಂತಸಾಗರದ ದ್ವೀಪಗಳಲ್ಲಿ, ಇಂಡೋನೇಷ್ಯಾದ ಪೂರ್ವದ ತುದಿಯಲ್ಲಿ ಇವೆ. ಅಮೆರಿಕದವಕ್ಕೆ ಕೆಂಪು, ಹಳದಿ, ಕಿತ್ತಳೆ ಬಣ್ಣ, ಯಾಕೆಂದರೆ ಬರುವವರು ಹಮ್ಮಿಂಗ್‌ಬರ್ಡ್‌ಗಳು. ಶಾಂತಸಾಗರದವಕ್ಕೆ ಬರೀ ಹಸಿರು. ಅವುಗಳಲ್ಲಿ ಸಾಲೊಮನ್ ದ್ವೀಪದ ಜಾತಿಗೆ ರಾತ್ರಿ ಬರುವುದು ಬಾವಲಿ. ಹಣ್ಣಿನಲ್ಲೂ ಹಾಗೆಯೇ ಭೇದ. ಅಮೆರಿಕದವು ಮಾಗಿದರೆ ನೀಲಿ, ಶಾಂತಸಾಗರದವು ಕೆಂಪು-ಕಿತ್ತಳೆ.

ಕೆರಿಬಿಯನ್ನಿನ ಸೇಂಟ್ ಲೂಸಿಯಾ, ಡೊಮಿನಿಕಾ ಅನ್ನುವ ದ್ವೀಪಗಳಲ್ಲಿ ನೇರಳೆ ಗಂಟಲಿನ ಒಂದು ಹಮ್ಮಿಂಗ್‌ಬರ್ಡ್ ಇದೆ. ಗಂಡಿನ ಕೊಕ್ಕು ಗಿಡ್ಡ, ನೇರ. ಹೆಣ್ಣಿನ ಕೊಕ್ಕು ಉದ್ದ, ಬಾಗಿದ್ದು. ಅಲ್ಲಿ ಎರಡು ಜಾತಿ ಹೆಲಿಕೋನಿಯಾ ಬೆಳೆಯುತ್ತವೆ. ಕೆರಿಬೇಯಾ ಅನ್ನುವುದಕ್ಕೆ ಗಿಡ್ಡ ನೇರ ಹೂ, ಅಲ್ಲಿ ಗಂಡಿನ ಕಾವಲು. ಬಿಹಾಯಿ ಅನ್ನುವುದಕ್ಕೆ ಉದ್ದ ಬಾಗಿದ ಹೂ, ಅಲ್ಲಿ ಹೆಣ್ಣಿನ ಊಟ. ಇಷ್ಟೇ ಆಗಿದ್ದರೆ ಕತೆ ಸಣ್ಣದು. ಸೇಂಟ್ ಲೂಸಿಯಾದಲ್ಲಿ ಕೆರಿಬೇಯಾ ಕಡಿಮೆ ಇರುವ ಕಡೆ ಬಿಹಾಯಿಯೇ ಇನ್ನೊಂದು ರೂಪ ತಾಳಿದೆ. ಗಂಡಿನ ಕೊಕ್ಕಿಗೆ ಒಪ್ಪುವ ಗಿಡ್ಡ ಹೂವಿನದು, ಬ್ರ್ಯಾಕ್ಟಿನ ಬಣ್ಣವೂ ಬೇರೆ. ಡೊಮಿನಿಕಾದಲ್ಲಿ ಇದರ ಉಲ್ಟಾ. ಅಲ್ಲಿ ಬಿಹಾಯಿ ವಿರಳವಾದ ಕಡೆ ಕೆರಿಬೇಯಾ ಎರಡು ರೂಪ ಪಡೆದು, ಹಳದಿಯದು ಹೆಣ್ಣಿಗೆ ಹೊಂದುವ ಉದ್ದ ಹೂ ಬಿಡುತ್ತದೆ. ಎಥಾನ್ ಟೆಮೆಲಿಸ್ ಮತ್ತು ಜಾನ್ ಕ್ರೆಸ್ ಎಂಬ ವಿಜ್ಞಾನಿಗಳು 2003ರಲ್ಲಿ ಇದನ್ನು ಪ್ರಕಟಿಸಿದರು. ಕ್ರೆಸ್ ಅವರು ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದ್ದು ಹೆಲಿಕೋನಿಯಾ ಅಧ್ಯಯನಕ್ಕೇ ಹೆಸರಾದವರು. ಗಿಡ ಹಕ್ಕಿಗೆ ತಕ್ಕಂತೆ, ಹಕ್ಕಿ ಗಿಡಕ್ಕೆ ತಕ್ಕಂತೆ ಬದಲಾದದ್ದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಜಾಸ್ತಿ ಇಲ್ಲ.

ಆ ಎರಡು ಜಾತಿಯ ಈ ನಾಲ್ಕೂ ರೂಪ ನಮ್ಮಲ್ಲಿಗೆ ಬಂದರೆ ಚೀಟಿಯಲ್ಲಿ ಏನಿರುತ್ತದೆ ಹೇಳಿ? ಎರಡಕ್ಕೆ ‘ಕೆಂಪು’, ಒಂದಕ್ಕೆ ‘ಹಳದಿ’, ಇನ್ನೊಂದಕ್ಕೆ ‘ಹಸಿರು’. ಯಾವ ದ್ವೀಪದ್ದು, ಯಾವ ಹಕ್ಕಿಯ ಹೂ ಅನ್ನುವುದೆಲ್ಲ ಅಲ್ಲಿಗೆ ಅಳಿಸಿಹೋಯಿತು.

ಕೋಸ್ಟರಿಕಾದಲ್ಲಿ ಟಾರ್ಟುಓಸಾ ಅನ್ನುವ ಇನ್ನೊಂದು ಜಾತಿ ಇದೆ. ಇದು ಬಂದ ಹಕ್ಕಿ ಯಾವುದು ಅಂತ ಗುರುತು ಹಿಡಿಯುತ್ತದೆ ಅಂದರೆ ನಂಬಬೇಕು. ಪರಾಗ ತಾಗಿದರೆ ಮಾತ್ರ ಸಾಲದು. ಉದ್ದ ಬಾಗಿದ ಕೊಕ್ಕು ಆಳಕ್ಕೆ ಇಳಿದು ಜೇನನ್ನು ಚೆನ್ನಾಗಿ ಹೀರಿದರೇ ಪರಾಗದ ಎಳೆ ಒಳಗೆ ಬೆಳೆಯುವುದು. ಗಿಡ್ಡ ಕೊಕ್ಕಿನ ಹಕ್ಕಿ ಬಂದು ಹೋದರೆ ಹೂ ಹೆಚ್ಚಾಗಿ ಸುಮ್ನೆ ಇದ್ದುಬಿಡುತ್ತದೆ. ಇದು 2015ರಲ್ಲಿ ಪ್ರಕಟವಾದ ಅಧ್ಯಯನ, ಪನಾಮ ಗಡಿಯ ಹತ್ತಿರದ ಲಾಸ್ ಕ್ರೂಸಸ್ ಸಂಶೋಧನಾ ಕೇಂದ್ರದ ಸುತ್ತಿನ ಕಾಡಿನಲ್ಲಿ ನಡೆದದ್ದು. ಆ ಉದ್ದ ಕೊಕ್ಕಿನವರಲ್ಲಿ ಒಂದು ಗ್ರೀನ್ ಹರ್ಮಿಟ್. ಅದು ಬಯಲು ದಾಟಲು ಹಿಂಜರಿಯುವ ಹಕ್ಕಿ. ಕಾಡು ಕಡಿದು ಹುಲ್ಲುಗಾವಲು ಮಾಡಿದರೆ ಮರದ ಸಾಲು ಹಿಡಿದು ಸುತ್ತು ಹಾಕಿ ಹೋಗುತ್ತದೆ. ಕಾಡು ತುಂಡುತುಂಡಾದ ಕಡೆ ಟಾರ್ಟುಓಸಾ ಬೀಜ ಕಟ್ಟುವುದೂ ಕಡಿಮೆ. ಗಿಡ ಹಸಿರಾಗಿ ನಿಂತಿರುತ್ತದೆ, ಹೂವೂ ಬಿಡುತ್ತದೆ. ನೋಡಿದವರು ಎಲ್ಲ ಸರಿಯಿದೆ ಅಂದುಕೊಳ್ಳುತ್ತಾರೆ. ಮುಂದಿನ ಪೀಳಿಗೆ ಮಾತ್ರ ಇಲ್ಲ.

ಎಲೆಗೂ ಒಕ್ಕಲು ಇದೆ. ಅಲ್ಲಿಯ ಒಂದು ಬಿಳಿ ಬಾವಲಿ, ಬೊಗಸೆಯಲ್ಲಿ ನಾಲ್ಕೈದು ಹಿಡಿಯುವಷ್ಟು ಚಿಕ್ಕದು, ಹೆಲಿಕೋನಿಯಾ ಎಲೆಯ ನರಗಳನ್ನು ಕಚ್ಚಿ ಎಲೆ ಎರಡೂ ಕಡೆ ಮಡಿದು ಡೇರೆಯಾಗುವಂತೆ ಮಾಡಿಕೊಳ್ಳುತ್ತದೆ. ಇನ್ನೊಂದು ಬಾವಲಿಗೆ ಕೈಕಾಲಿನಲ್ಲಿ ಹೀರುಬಿಲ್ಲೆಗಳಿವೆ. ಅದು ಇನ್ನೂ ಬಿಚ್ಚದ ಸುರುಳಿ ಎಲೆಯೊಳಗೆ ಅಂಟಿಕೊಂಡು ಮಲಗುತ್ತದೆ. ಎಲೆ ಒಂದು ದಿನದಲ್ಲಿ ಬಿಚ್ಚಿಕೊಳ್ಳುವುದರಿಂದ ಪಾಪ, ದಿನಾ ಹೊಸ ಮನೆ ಹುಡುಕಬೇಕು. ನಮ್ಮ ತೋಟದಲ್ಲಿ ಹೊಸ ಎಲೆಯ ಸುರುಳಿ ಕಂಡಾಗಲೆಲ್ಲ ಒಳಗೆ ಇಣುಕುವ ಅಭ್ಯಾಸ ನನಗೆ ಬಂದುಬಿಟ್ಟಿದೆ. ಇರುವೆ ಬಿಟ್ಟರೆ ಏನೂ ಇರುವುದಿಲ್ಲ. ನಮ್ಮಲ್ಲಿ ಹೂವಿಗೆ ಬರುವುದು ಸೂರಕ್ಕಿ. ಹಮ್ಮಿಂಗ್‌ಬರ್ಡ್ ಗಾಳಿಯಲ್ಲಿ ನಿಂತು ಕುಡಿದರೆ ಸೂರಕ್ಕಿ ದೋಣಿಯ ಅಂಚಿಗೆ ಕಾಲೂರಿ, ತಲೆಕೆಳಗಾಗಿ ತೂಗುತ್ತಾ ಕುಡಿಯುತ್ತದೆ.

ನಾನು ಇಷ್ಟು ದೂರದ ಕಾಡಿನ ಮಾತಾಡಿದ್ದಕ್ಕೆ ಕಾರಣ ಇದೆ. ಆ ಕಾಡುಗಳಲ್ಲಿ ಹೆಲಿಕೋನಿಯಾದ ಪರಿಸ್ಥಿತಿ ಚೆನ್ನಾಗಿಲ್ಲ. ಪರಿಶೀಲಿಸಿ ನೋಡಿದವರು ಹತ್ತಿರ ಹತ್ತಿರ ಅರ್ಧದಷ್ಟು ಜಾತಿಗಳು ಅಳಿವಿನ ಅಂಚಿನತ್ತ ಸರಿದಿವೆ ಅನ್ನುತ್ತಾರೆ. ಅತಿ ಹೆಚ್ಚು ಜಾತಿಗಳಿರುವ ಕೊಲಂಬಿಯಾದಲ್ಲಿ, ಈಕ್ವೆಡಾರಿನಲ್ಲಿ, ಒಂದೇ ಕಣಿವೆಯಲ್ಲೋ ಒಂದೇ ಗುಡ್ಡದ ಇಳಿಜಾರಿನಲ್ಲೋ ಮಾತ್ರ ಬೆಳೆಯುವ ಜಾತಿಗಳಿವೆ. ಆ ಗುಡ್ಡಕ್ಕೆ ರಸ್ತೆ ಬಂದರೆ, ದನದ ಮೇವಿಗೆ ಕಾಡು ಸುಟ್ಟರೆ ಮುಗಿಯಿತು. ನಮ್ಮ ಹಿತ್ತಿಲಲ್ಲೆಲ್ಲ ನೇತಾಡುವ, ಕೆಂಪು ದೋಣಿಗೆ ಹಳದಿ ಅಂಚಿರುವ ರೋಸ್ಟ್ರೇಟಾ ಇದೆಯಲ್ಲ, ಅದು ಪೆರು, ಬೊಲಿವಿಯಾ ಕಡೆಯದು. ಬೊಲಿವಿಯಾದಲ್ಲಿ ಅದನ್ನು ಪಟುಹು ಅನ್ನುತ್ತಾರೆ, ಅದು ಆ ದೇಶದ ರಾಷ್ಟ್ರಪುಷ್ಪಗಳಲ್ಲಿ ಒಂದು. ಇನ್ನೊಂದು ದೇಶ ತನ್ನದು ಅಂತ ಎತ್ತಿ ಹಿಡಿದ ಹೂವನ್ನು ನಾವು ‘ನೇತಾಡೋದು’ ಅಂತ ಕರೆದು ಮಾರುತ್ತಿದ್ದೇವೆ. ನನಗೆ ಇದು ನಿಜಕ್ಕೂ ನೋವಿನ ಸಂಗತಿ.

ಹೇಗೂ ಲೋಕದ ತುಂಬ ತೋಟಗಳಲ್ಲಿ ಬೆಳೆಸುತ್ತಿದ್ದಾರಲ್ಲ, ಗಿಡ ಉಳಿಯಿತಲ್ಲ ಅಂತ ಕೆಲವರು ಕೇಳುತ್ತಾರೆ. ಉಳಿದದ್ದು ಎಷ್ಟು ಅಂತ ನೋಡಬೇಕು. ಗಡ್ಡೆ ಕಡಿದು ನೆಟ್ಟರೆ ಬರುವುದು ಹೊಸ ಗಿಡ ಅಲ್ಲ, ಅದೇ ಗಿಡದ ತುಂಡು. ಅತ್ತೆ ತಂದ ಆ ಒಂದು ಗಡ್ಡೆಯಿಂದ ನಮ್ಮ ಊರಿನ ಮೂವತ್ತು ಮನೆಗೆ ಹೋಗಿದೆ. ಮೂವತ್ತು ಬುಡ, ಗಿಡ ಮಾತ್ರ ಒಂದೇ. ಅದಕ್ಕೊಂದು ರೋಗ ಬಂದರೆ ಮೂವತ್ತಕ್ಕೂ ಬಂದ ಹಾಗೆ. ಬೇರೆ ಬೇರೆ ಕಾಡಿನಿಂದ ಬಂದ, ಬೇರೆ ಬೇರೆ ತಾಯಿಯ ಗಿಡಗಳು ಇದ್ದರೆ, ಯಾವುದು ಎಲ್ಲಿಯದು ಅಂತ ಬರೆದಿಟ್ಟಿದ್ದರೆ, ಆ ತೋಟಕ್ಕೆ ಸಂರಕ್ಷಣೆಯಲ್ಲಿ ಬೆಲೆ ಇದೆ. ಬರೆದಿಡದಿದ್ದರೆ ಅದು ಅಂದದ ತೋಟ ಅಷ್ಟೆ. ಹೂವಿನ ಅಂದ ಸಾಕು ಅನ್ನುವವರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಸಸ್ಯತೋಟ ನಡೆಸುವವರಿಗೆ ಅಷ್ಟು ಸಾಲದು, ಅಲ್ವಾ? ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನ ಆಯಿತು. ಅಲ್ಲಿ ಮರಗಳ ಕೊರಳಲ್ಲಿ ತೂಗುವ ಹೆಸರಿನ ಫಲಕ ಓದಿಯೇ ನನ್ನಂಥ ಎಷ್ಟೋ ಜನ ಮರದ ಹೆಸರು ಕಲಿತದ್ದು.

ಹೆಸರಿನ ವಿಷಯದಲ್ಲಿ ನಮ್ಮ ಹಿರಿಯರಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಮಿಡಿಮಾವು ನೋಡಿ. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ ಅಂತ ಒಂದೊಂದು ಮರಕ್ಕೂ ಹೆಸರು. ಹೆಸರಿನಲ್ಲೇ ಮನೆಯೋ ಊರೋ ಇದೆ. ಹುಳಿ ಎಷ್ಟು, ಸೊನೆ ಎಷ್ಟು, ಉಪ್ಪಿನಕಾಯಿ ಎಷ್ಟು ವರ್ಷ ತಡೆಯುತ್ತದೆ ಎಲ್ಲ ಆ ಹೆಸರಿನ ಜೊತೆಗೇ ಬರುತ್ತದೆ. ಮರ ಹೊಳೆಪಾಲಾದರೂ ಹೆಸರು ಹಿಡಿದು ಕಸಿಗಿಡ ಹುಡುಕಬಹುದು. ಹೆಲಿಕೋನಿಯಾಕ್ಕೆ ನಾನು ಕೇಳುತ್ತಿರುವುದು ಇದನ್ನೇ.

ಇನ್ನು ರೋಗದ ಮಾತು. ಇಲ್ಲಿ ಇಲಾಖೆಯವರು ದಯವಿಟ್ಟು ಹೆಚ್ಚು ಗಮನ ಕೊಡಬೇಕು.

ಗಡ್ಡೆ ಅಂದರೆ ಬರೀ ಗಡ್ಡೆ ಅಲ್ಲ. ಅದರ ಜೊತೆ ಮಣ್ಣು ಬರುತ್ತದೆ, ಮಣ್ಣಿನ ಜೊತೆ ಏನೇನೋ ಬರುತ್ತದೆ. ನಂಜನಗೂಡು ರಸಬಾಳೆಗೆ ಏನಾಯಿತು ಅಂತ ನಿಮಗೆ ನಾನು ಹೇಳಬೇಕಿಲ್ಲ. ಪನಾಮ ಸೊರಗು ರೋಗ ಮಣ್ಣಿನಲ್ಲಿ, ಕಂದಿನಲ್ಲಿ ಹಬ್ಬಿ ತೋಟಕ್ಕೆ ತೋಟವೇ ಹೋಯಿತು. ಹೆಲಿಕೋನಿಯಾ ಬಾಳೆಯ ನೆಂಟ, ಹಾಗಾಗಿ ಕೆಲವು ರೋಗಗಳೂ ಇಬ್ಬರಿಗೂ ಒಂದೇ. ಅಮೆರಿಕದ ಬಾಳೆ ತೋಟಗಳನ್ನು ಕಾಡುವ ಮೊಕೊ ರೋಗದ ಬ್ಯಾಕ್ಟೀರಿಯಾಕ್ಕೆ ಕಾಡಿನ ಹೆಲಿಕೋನಿಯಾವೇ ತವರು. 1980ರ ದಶಕದ ಕೊನೆಯಲ್ಲಿ ಅದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿಗೆ ಹೊಕ್ಕದ್ದೂ ಹೊರಗಿನಿಂದ ತರಿಸಿದ ಹೆಲಿಕೋನಿಯಾ ಗಡ್ಡೆಯ ಮೂಲಕವೇ. ಬೇಗ ಗೊತ್ತಾದ್ದರಿಂದ ಕಿತ್ತು ನಾಶ ಮಾಡಿದರು. ಎಲ್ಲಿಂದ ಬಂದದ್ದು ಅಂತ ದಾಖಲೆ ಇದ್ದರೆ ಮಾತ್ರ ಹಾಗೆ ಬೆನ್ನು ಹತ್ತಿ ಹಿಡಿಯಲು ಸಾಧ್ಯ. ನಮ್ಮಲ್ಲಿ 2003ರ ಸಸ್ಯ ಕ್ವಾರಂಟೈನ್ ಆದೇಶ ಇದೆ. ಹೊರದೇಶದ ಗಡ್ಡೆ ತರಲು ಪರವಾನಗಿ ಬೇಕು, ರೋಗವಿಲ್ಲ ಅನ್ನುವ ಪ್ರಮಾಣಪತ್ರ ಬೇಕು. ಪ್ರವಾಸಕ್ಕೆ ಹೋದವರು ಬಟ್ಟೆಯ ನಡುವೆ ಗಡ್ಡೆ ಸುತ್ತಿ ತಂದು ಸಂತೋಷದಿಂದ ಹಂಚುತ್ತಾರೆ. ಅವರಿಗೆ ಕೆಟ್ಟ ಉದ್ದೇಶ ಇಲ್ಲ, ಗೊತ್ತಿಲ್ಲ ಅಷ್ಟೆ. ಗೊತ್ತು ಮಾಡಿಸಬೇಕಾದವರು ನೀವು.

ನಮ್ಮ ತೋಟದಲ್ಲೇ ಆದದ್ದನ್ನು ಹೇಳುತ್ತೇನೆ. ಕೆಳಗಿನ ಸಾಲಿನಲ್ಲಿ, ಬಸಿಗಾಲುವೆ ಪಕ್ಕ, ಕೊಂಡು ತಂದ ಹೆಲಿಕೋನಿಯಾ ನೆಟ್ಟಿದ್ದೆ. ಹೆಸರಿಲ್ಲದ ಗಡ್ಡೆ, ಮಣ್ಣು ಮೆತ್ತಿದ್ದು. ಮೂರನೇ ಬೇಸಿಗೆಗೆ ಗಿಡ ಬಡಕಲಾಯಿತು. ಅಗೆದರೆ ಬೇರಿನ ಮೇಲೆ ಕಂದು-ಕೆಂಪು ಗೀರು, ಒಳಗೆ ಕೊಳೆತ. ಅದೇ ಹೊತ್ತಿಗೆ ಪಕ್ಕದ ಅಡಿಕೆ ಮರಕ್ಕೆ ಹಬ್ಬಿಸಿದ್ದ ಕಾಳುಮೆಣಸಿನ ಬಳ್ಳಿ ಹಳದಿ ತಿರುಗಿತು. ಬೇರು ಪರೀಕ್ಷೆ ಮಾಡಿಸಿದಾಗ ಎರಡರಲ್ಲೂ ಬೇರು ಕೊರೆಯುವ ಜಂತುಹುಳು ಸಿಕ್ಕಿತು. ಈ ಜಂತುಹುಳು ಬಾಳೆ, ಮೆಣಸು, ಅಡಿಕೆ, ತೆಂಗು, ಹೆಲಿಕೋನಿಯಾ ಎಲ್ಲದರ ಬೇರಲ್ಲೂ ಬದುಕುತ್ತದೆ. ಮೆಣಸಿನ ನಿಧಾನ ಸೊರಗು ರೋಗದಲ್ಲಿ ಇದರ ಕೈ ದೊಡ್ಡದು. ಗಡ್ಡೆಯಿಂದ ಮೆಣಸಿಗೆ ಬಂತೋ, ಮೆಣಸಿನಿಂದ ಗಡ್ಡೆಗೆ ಹೋಯಿತೋ ಅಂತ ನಾನು ಆಣೆ ಹಾಕಿ ಹೇಳಲಾರೆ. ಮಾರಿದವರನ್ನು ದೂರಿ ಏನೂ ಆಗಬೇಕಿಲ್ಲ. ಆದರೆ ಆ ಗಡ್ಡೆ ಎಲ್ಲಿಯದು ಅಂತ ಕೇಳಿದಾಗ ಅವರಿಗೂ ಗೊತ್ತಿರಲಿಲ್ಲ. ಹದಿನಾಲ್ಕು ಮೆಣಸಿನ ಬಳ್ಳಿ ಹೋದವು.

ಅಲ್ಲಿಂದೀಚೆಗೆ ಹೊಸ ಗಡ್ಡೆ ಯಾರೇ ಕೊಟ್ಟರೂ ನೇರ ತೋಟಕ್ಕೆ ಇಳಿಸುವುದಿಲ್ಲ. ಮಣ್ಣೆಲ್ಲ ತೊಳೆದು, ಹಳೆ ಬೇರು ಕತ್ತರಿಸಿ ಸುಟ್ಟು, ಕೊಳೆತ ಭಾಗ ಬಿಳಿ ಕಾಣುವವರೆಗೆ ಕೆತ್ತಿ ತೆಗೆದು, ಅಂಗಳದ ಕುಂಡದಲ್ಲಿ ಒಂದು ಮಳೆಗಾಲ ಕಳೆಸುತ್ತೇನೆ. ಆಮೇಲೆ ಬೇರು ನೋಡಿ ನೆಲಕ್ಕೆ ಹಾಕುತ್ತೇನೆ. ಇದೇನು ದೊಡ್ಡ ಖರ್ಚಿನ ಕೆಲಸ ಅಲ್ಲ.

ಬೆಳೆಸುವ ವಿಷಯದಲ್ಲೂ ಹೆಸರಿಲ್ಲದಿದ್ದರೆ ಕಷ್ಟವೇ. ಸಾಮಾನ್ಯವಾಗಿ ಹೆಲಿಕೋನಿಯಾಕ್ಕೆ ಅಡಿಕೆ, ತೆಂಗಿನ ಚದುರಿದ ನೆರಳು ಒಪ್ಪುತ್ತದೆ. ನೀರು ಬೇಕು, ನಿಂತ ನೀರು ಬೇಡ. ಸೊಪ್ಪಿನ ಹಾಸು ಹಾಕಿ ಗೊಬ್ಬರ ಕೊಟ್ಟರೆ ಹಿಗ್ಗುತ್ತದೆ. ನಮ್ಮ ಹುಳಿ ಮಣ್ಣು ಅದಕ್ಕೆ ಇಷ್ಟ. ಬಯಲುಸೀಮೆಯಲ್ಲಿ ಬೋರ್‌ವೆಲ್ಲಿನ ಗಡಸು ನೀರು ಹಾಕುವವರು ಎಳೆ ಎಲೆ ಹಳದಿಯಾಗುತ್ತದೆ ಅಂದರೆ ಹೆಚ್ಚಾಗಿ ಅದು ಕಬ್ಬಿಣದ ಕೊರತೆ. ಒಂದು ದಿಂಡು ಒಂದೇ ಸಲ ಹೂ ಬಿಡುವುದು, ಬಾಳೆಯ ಹಾಗೆ. ಹೂ ಕೊಯ್ದ ದಿಂಡನ್ನು ಬುಡದವರೆಗೆ ಕಡಿಯದಿದ್ದರೆ ಹೊಸ ಹಿಳ್ಳಿಗೆ ಜಾಗವೇ ಸಿಗುವುದಿಲ್ಲ. ಇಷ್ಟು ಎಲ್ಲದಕ್ಕೂ ಒಂದೇ. ಇದರಾಚೆ ಜಾತಿ ಜಾತಿಗೆ ಬೇರೆ. ಸಿಟಾಕೋರಮ್ ಗಡ್ಡೆ ಓಡುತ್ತದೆ, ಬೆಳಕಿದ್ದರೆ ವರ್ಷವಿಡೀ ಹೂ. ಸ್ಟ್ರಿಕ್ಟಾದ ಕೆಲವು ತಳಿಗಳು, ವ್ಯಾಗ್ನೇರಿಯಾನಾ ಹಗಲು ಕಿರಿದಾದಾಗ ಮಾತ್ರ ಮೊಗ್ಗು ಕಟ್ಟುತ್ತವೆ. ಅದು ಗೊತ್ತಿಲ್ಲದೆ ‘ಹೂವೇ ಬಿಡಲಿಲ್ಲ’ ಅಂತ ಕಿತ್ತೆಸೆದವರನ್ನು ನೋಡಿದ್ದೇನೆ.

ಮಾರುವಾಗಲೂ ಅಷ್ಟೆ. ಕೊಯ್ದ ಮೇಲೆ ಈ ಹೂವಿನ ದೋಣಿ ಮುಂದೆ ಬಿಚ್ಚುವುದಿಲ್ಲ. ಎಷ್ಟು ಬಿಚ್ಚಿದಾಗ ಕೊಯ್ಯಬೇಕು ಅನ್ನುವುದು ಬಗೆಯ ಮೇಲೆ ನಿಂತಿದೆ. ಸಿಟಾಕೋರಮ್ ಹೂದಾನಿಯಲ್ಲಿ ಎರಡು ವಾರ ಇರುತ್ತದೆ. ಗುಲಾಬಿಯ ಜೊತೆ ಶೀತಲ ಕೋಣೆಯಲ್ಲಿಟ್ಟರೆ ಮಾತ್ರ ಕಪ್ಪಾಗುತ್ತದೆ, ಬಿಸಿಲು ನಾಡಿನ ಹೂವಿಗೆ ಅಷ್ಟು ಚಳಿ ತಡೆಯದು. ಬೆಂಗಳೂರಿನ ಹೂವಿನವರು ಫೋನಿನಲ್ಲಿ ‘ಯಾವ ವೆರೈಟಿ?’ ಅಂತಲೇ ಮೊದಲು ಕೇಳುತ್ತಾರೆ. ‘ಕೆಂಪು’ ಅಂದರೆ ಸುಮ್ಮನಾಗುತ್ತಾರೆ.

ಒಂದು ಎಚ್ಚರಿಕೆಯನ್ನೂ ನೀವು ಗಡ್ಡೆಯ ಜೊತೆ ಕೊಡಬೇಕು. ಹಳ್ಳದ ದಂಡೆಯಲ್ಲಿ, ಕಾಡಿನ ಅಂಚಿನಲ್ಲಿ ಇದನ್ನು ನೆಡಬಾರದು. ಹೋಂಸ್ಟೇ ಮಾಡಿದವರಿಗೆ ಹಳ್ಳದ ಪಕ್ಕ ಕೆಂಪು ಹೂ ಕಂಡರೆ ಚಂದ ಅನ್ನಿಸುತ್ತದೆ. ನೆರೆ ಬಂದಾಗ ದಂಡೆ ಕುಸಿದು ಗಡ್ಡೆಯ ತುಂಡು ತೇಲಿ ಹೋಗುತ್ತದೆ. ನಮ್ಮ ಮನೆಯಿಂದ ಕೆಳಗೆ, ಹಳ್ಳ ತಿರುಗುವ ಮರಳಿನ ಮೇಲೆ ಹೀಗೆ ಬಂದು ಬೇರೂರಿದ ಎರಡು ಬುಡ ನಾನೇ ಕಿತ್ತಿದ್ದೇನೆ. ಲಂಟಾನವೂ ಅದೇ ಅಮೆರಿಕದಿಂದ ಅಂದದ ಗಿಡವಾಗಿಯೇ ನಮ್ಮ ದೇಶಕ್ಕೆ ಬಂದದ್ದು. ಬಂಡೀಪುರದ ಕಾಡಿನಲ್ಲಿ ಈಗ ಅದನ್ನು ಕೀಳುವವರ ಪಾಡು ನೋಡಿದವರಿಗೆ ಇದು ಅತಿ ಎಚ್ಚರಿಕೆ ಅನ್ನಿಸಲಾರದು.

ಹಳ್ಳದ ಮೇಲಿನ ಬಂಡೆಯ ಸಂದಿಗೆ ನಮ್ಮದೇ ಕಲ್ಲುಬಾಳೆ ಇದೆ. ಹೆಲಿಕೋನಿಯಾದ ದೂರದ ನೆಂಟ, ಪಶ್ಚಿಮಘಟ್ಟದ ಒಕ್ಕಲು. ಅದು ಕಂದು ಹಾಕುವುದಿಲ್ಲ. ವರ್ಷಗಟ್ಟಲೆ ಬೆಳೆದು, ಒಂದೇ ಒಂದು ಸಲ ದೊಡ್ಡ ಗೊನೆ ಹಾಕಿ, ಬೀಜ ಉದುರಿಸಿ ಸಾಯುತ್ತದೆ. ಗೊನೆ ಬಲಿಯುವ ಮೊದಲೇ ಕಡಿದರೆ ಆ ವಂಶ ಅಲ್ಲಿಗೇ ಮುಗಿಯಿತು. ಹೆಲಿಕೋನಿಯಾ ಮಾರುವ ನರ್ಸರಿಯವರು ಅದರ ಪಕ್ಕ ಬೀಜದಿಂದ ಎಬ್ಬಿಸಿದ ನಾಲ್ಕು ಕಲ್ಲುಬಾಳೆ ಸಸಿ ಇಟ್ಟರೆ ಕೊಳ್ಳಲು ನನ್ನಂಥವರು ಇದ್ದೇವೆ.

ಇಲಾಖೆಯವರೇ, ಮಾವಿಗೆ, ಅಡಿಕೆಗೆ ತಾಯಿಮರ ಗುರುತು ಮಾಡುವ ಪದ್ಧತಿ ನಿಮ್ಮಲ್ಲಿ ಇದೆ. ಅದೇ ರೀತಿ ಮಲೆನಾಡಿನಲ್ಲೋ ಕರಾವಳಿಯಲ್ಲೋ ನಿಮ್ಮ ಒಂದು ಕ್ಷೇತ್ರದಲ್ಲಿ ಹೆಲಿಕೋನಿಯಾ ತಾಯಿಗಿಡಗಳ ಒಂದು ತಾಕು ಮಾಡಿ. ಬೇರು ಪರೀಕ್ಷೆಯಾದ, ಹೆಸರು ಗೊತ್ತಿರುವ ಗಡ್ಡೆ ಅಲ್ಲಿಂದ ನರ್ಸರಿಗೆ ಹೋಗಲಿ. ಜನವರಿ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನದಲ್ಲಿ ಇಡುವ ಪ್ರತಿ ಹೆಲಿಕೋನಿಯಾದ ಕೆಳಗೆ ಹೆಸರೂ ತವರೂ ಕನ್ನಡದಲ್ಲಿ ಬರೆದಿರಲಿ. ನರ್ಸರಿಯವರೇ, ನಿಮಗೆ ಹೆಸರು ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ಇಂಥ ಊರಿನಿಂದ ಇಂಥ ವರ್ಷ ತಂದದ್ದು’ ಅಂತ ಬರೆಯಿರಿ. ಅದೂ ಸಾಕು. ತಪ್ಪು ಹೆಸರಿಗಿಂತ ಅದು ಎಷ್ಟೋ ಮೇಲು.

ನನ್ನ ಹನ್ನೊಂದರಲ್ಲಿ ಏಳಕ್ಕೆ ಹೆಸರು ಸಿಕ್ಕಿದೆ. ಹಳೆ ತಗಡಿನ ಡಬ್ಬಿ ಕತ್ತರಿಸಿ, ಮೊಳೆಯಲ್ಲಿ ಹೆಸರು ಗೀಚಿ, ಬುಡಕ್ಕೊಂದು ತಂತಿಯಲ್ಲಿ ಕಟ್ಟಿದ್ದೇನೆ. ಉಳಿದ ನಾಲ್ಕರ ತಗಡಿನಲ್ಲಿ ಯಾರ ಮನೆಯಿಂದ, ಯಾವ ವರ್ಷ ಅಂತ ಮಾತ್ರ ಇದೆ. ಅತ್ತೆ ತಂದದ್ದೂ ಆ ನಾಲ್ಕರಲ್ಲೇ ಸೇರಿದೆ. ನಿಮ್ಮಲ್ಲಿ ಗುರುತು ಹಿಡಿಯಬಲ್ಲವರು ಇದ್ದರೆ ಮಳೆ ಕಡಿಮೆಯಾದ ಮೇಲೆ, ನವರಾತ್ರಿ ಹೊತ್ತಿಗೆ ಬನ್ನಿ. ಆಗ ನಾಲ್ಕೂ ಹೂವಿನಲ್ಲಿರುತ್ತವೆ.

ಇಂತಿ,
ಮಲೆನಾಡಿನ ಒಬ್ಬ ತೋಟಗಾರ್ತಿ